ಹುರುಳಿ ತಿಂದ ಹೆಲಿಕಾಪ್ಟರ್ ಹಾಗೂ ಮುಯ್ಯಾಳು ಲೇಖಕರ ಬಗ್ಗೆ

ನಕಲು ಪತ್ತೆ, ಅವಳಿ ಲೇಖನ ತಡೆ ಹಾಗೂ ಮೂಲ ಲೇಖಕರ ಶೋಧನಾ ವಿಭಾಗ
(ಏಷ್ಯಾ ಖಂಡದಲ್ಲೇ ಪ್ರಥಮ, ಉಳಿದ ಖಂಡಗಳಿಂದ ಉತ್ತರ ಬರುವುದು ಬಾಕಿ ಇದೆ)
ತುಮಕೂರು

ಸಂಖ್ಯೆ: ನಪ/ಅಲೇತ/ಹುರುಳಿ/ಹೆಕಾ/೩(ಅ)
ದಿನಾಂಕ: ಸೋಮವಾರ (ತಾರೀಕಿನ ಮುದ್ರೆ ಒಣಗಿರುವುದರಿಂದ ವಾರವನ್ನಷ್ಟೇ ನಮೂದಿಸಿದೆ)

ಸುತ್ತೋಲೆ

ವಿಷಯ: ಒಂದೇ ಸಂಶೋಧನಾ ಲೇಖನವು ಕುಣಿಗಲ್, ಗುಬ್ಬಿ ಹಾಗೂ ತುಮಕೂರಿನ ಮೂರು ಪತ್ರಿಕೆಗಳಲ್ಲಿ ಪ್ರಕಟಗೊಂಡು, ಅದನ್ನು ನಿಜವಾಗಿ ಬರೆದವರನ್ನೇ ಕಳ್ಳರೆಂದು ಭಾವಿಸಲಾಗಿರುವ ಬಗ್ಗೆ, ಹಾಗೂ ಹೆಲಿಕಾಪ್ಟರ್ ಹುರುಳಿ ತಿನ್ನುತ್ತದೆಯೇ ಎಂಬ ಬಗ್ಗೆ.

ಉಲ್ಲೇಖ: (೧) ಶ್ರೀಮತಿ ಮಂಜುಶ್ರೀ, ಅತಿಥಿ ಉಪನ್ಯಾಸಕಿ, ಕುಣಿಗಲ್, ಇವರ ದೂರು.
(೨) ಅದೇ ದೂರು, ಉತ್ತರ ಬಾರದ ಕಾರಣ ಇನ್ನೊಮ್ಮೆ. (ಇದನ್ನು ಮರುಪ್ರಕಟಣೆ ಎಂದು ಪರಿಗಣಿಸಿರುವುದಿಲ್ಲ.)
(೩) ತನ್ನ ಹೆಸರು ಹೇಳಬಾರದೆಂದು ಕೋರಿರುವ ವಿಶ್ವವಿದ್ಯಾಲಯವೊಂದರ ನೋಟಿಸು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಜಿಲ್ಲೆಯ ಸಮಸ್ತ ಅಧ್ಯಾಪಕರು, ಸಂಶೋಧಕರು, ಪತ್ರಿಕಾ ಸಂಪಾದಕರು, ಡಿಟಿಪಿ ಅಂಗಡಿಯವರು ಮತ್ತು ಮೊಸರು ಬಳಸುವ ಸಾರ್ವಜನಿಕರಿಗೆ ಕೆಳಕಂಡಂತೆ ತಿಳಿಯಪಡಿಸಿದೆ. ತಿಳಿಯಪಡಿಸಿದ ನಂತರ ತಿಳಿಯಲಿಲ್ಲವೆಂದು ಹೇಳುವಂತಿಲ್ಲ.

೧. ಮೊದಲಿಗೆ ಈ ವಿಭಾಗದ ಯಂತ್ರದ ಬಗ್ಗೆ. ಈ ವಿಭಾಗದಲ್ಲಿರುವ ನಕಲು ಪತ್ತೆ ಯಂತ್ರವನ್ನು ಚಾಲೂ ಮಾಡಿದರೆ ಶಿರಾದಿಂದ ತಿಪಟೂರಿನವರೆಗೆ ಮನೆಮನೆಯ ದೀಪಗಳು ಒಮ್ಮೆ ಕಣ್ಣು ಮಿಟುಕಿಸುತ್ತವೆ. ಲೇಖಕರ ತಲೆಯಲ್ಲಿ ಕದಿಯುವ ಆಲೋಚನೆ ಮೊಳೆತ ಕ್ಷಣಕ್ಕೇ ಅದು ಕುಂಯ್ ಎನ್ನುತ್ತದೆ. ಪರೀಕ್ಷಾರ್ಥವಾಗಿ ಈ ಕಚೇರಿಯ ಸಿಬ್ಬಂದಿಯ ರಜೆ ಅರ್ಜಿಗಳನ್ನೇ ಅದರೊಳಗೆ ಹಾಕಲಾಗಿ, ಎಲ್ಲರಿಗೂ ಒಬ್ಬಳೇ ಅಜ್ಜಿ, ಆಕೆ ಪ್ರತಿ ದೀಪಾವಳಿಗೆ ಮೊದಲು ತೀರಿಕೊಳ್ಳುತ್ತಾಳೆ ಎಂದು ವರದಿ ಬಂತು. ಸದರಿ ವರದಿಯನ್ನು ಗೌಪ್ಯವಾಗಿ ಇರಿಸಲಾಗಿದೆ.

ಇಂತಹ ಯಂತ್ರದಲ್ಲೂ ಒಂದು ಸಣ್ಣ ಲೋಪವಿದೆ. ಎರಡು ಬರಹಗಳು ಒಂದೇ ಆಗಿದ್ದರೆ ಅದು ಹೇಳುತ್ತದೆ. ಯಾವುದು ಯಾವುದರಿಂದ ಹುಟ್ಟಿತು ಎಂದು ಹೇಳುವುದಿಲ್ಲ. ಮೊದಲು ಅಚ್ಚಾದದ್ದು ಮೂಲ, ಆಮೇಲೆ ಬಂದದ್ದು ಕಳವು ಎಂದು ತಿಳಿದು ತೆಪ್ಪಗಾಗುತ್ತದೆ. ಪ್ರಸ್ತುತ ಪ್ರಕರಣ ಪೂರ್ತಿ ಈ ಲೋಪದ ಮೇಲೆ ನಿಂತಿದೆ.

೨. ಪ್ರಕರಣದ ಹಿನ್ನೆಲೆ. ಶ್ರೀಮತಿ ಮಂಜುಶ್ರೀಯವರು ‘ಕುದುರೆಗಳ ಓಡಾಟದ ಸದ್ದು ಹಾಗೂ ನೆರೆಮನೆಗಳಲ್ಲಿ ಮೊಸರು ಹೆಪ್ಪುಗಟ್ಟುವಿಕೆ’ ಎಂಬ ವಿಷಯದ ಮೇಲೆ ಪಿಎಚ್.ಡಿ. ಅಧ್ಯಯನ ಕೈಗೊಂಡು, ಕುದುರೆ ಫಾರಂ ಇರುವ ಕುಣಿಗಲ್ ಮತ್ತು ಹುತ್ರಿದುರ್ಗದ ಸುತ್ತಿನಲ್ಲಿ ಬೆರಳದ್ದದ ಮೊಸರಿನ ಗಡಿಗೆ ಉಳಿದಿಲ್ಲವೆಂಬಷ್ಟು ಮನೆಗಳನ್ನು ಸುತ್ತಿರುತ್ತಾರೆ. ಸದ್ದಿನಿಂದ ಮೊಸರಿಗೆ ಯಾವ ಪರಿಣಾಮವೂ ಇಲ್ಲ ಎಂಬುದು ಅವರ ತೀರ್ಮಾನ. ಇಷ್ಟು ಸ್ಪಷ್ಟ ತೀರ್ಮಾನವಿರುವ ಪ್ರಬಂಧವನ್ನು ಈ ವಿಭಾಗವು ಸ್ಥಾಪನೆಯಾದಂದಿನಿಂದ ಕಂಡಿರಲಿಲ್ಲ.

೩. ಪ್ರಬಂಧದ ಕರಡನ್ನು ಅವರು ತಮ್ಮ ಮಾರ್ಗದರ್ಶಕರಾದ ಡಾ. ಭಾನುಪ್ರಕಾಶ್ ಅವರಿಗೆ ವಾಟ್ಸಾಪ್ ಮೂಲಕ ಕಳಿಸಿದ್ದು, ಪುರುಸೊತ್ತಾದಾಗ ನೋಡುತ್ತೇನೆ ಬಿಡಮ್ಮ ಎಂಬ ಉತ್ತರ ಬಂದಿರುತ್ತದೆ. ಪುರುಸೊತ್ತಾದಾಗ ಅವರು ನೋಡಿದರು. ನೋಡಿ ಮೆಚ್ಚಿದರು. ಎಷ್ಟು ಮೆಚ್ಚಿದರೆಂದರೆ ಬಡ್ತಿಗೆ ಬೇಕಾದ ಲೇಖನಗಳ ಜಾಗದಲ್ಲಿ ಇದನ್ನೇ ತಮ್ಮ ಹೆಸರಿನಲ್ಲಿ ಕುಣಿಗಲ್‌ನ ‘ಜ್ಞಾನಗೊರಸು’, ಗುಬ್ಬಿಯ ‘ವಿಜ್ಞಾನ ರೆಕ್ಕೆ’ ಮತ್ತು ತುಮಕೂರಿನ ‘ನಗರ ಚಿಂತನ’ ಎಂಬ ಮೂರು ಪತ್ರಿಕೆಗಳಲ್ಲಿ ಹಾಕಿಸಿದರು. ಮಂಜುಶ್ರೀಯವರ ಹೆಸರು ಮೂರರಲ್ಲೂ ಇಲ್ಲ. ಕರಡು ಕಳಿಸಿದ ಅವರ ಮೊಬೈಲು ಸಮೀಕ್ಷೆಯ ವೇಳೆ ಮೊಸರಿನ ಗಡಿಗೆಯೊಳಗೆ ಬಿದ್ದು ಕಾಲವಾಗಿರುವುದರಿಂದ ಸಾಕ್ಷಿಯೂ ಇಲ್ಲ. ಡಾ. ಭಾನುಪ್ರಕಾಶ್ ಅವರ ಮೊಬೈಲು ವಿಚಾರಣೆಯ ಹಿಂದಿನ ದಿನ ತಾನಾಗಿಯೇ ಎಲ್ಲವನ್ನೂ ಅಳಿಸಿಕೊಂಡಿತೆಂದು ಅವರು ಹೇಳಿಕೆ ನೀಡಿರುತ್ತಾರೆ.

೪. ಮೂರೂ ಬೇರೆಬೇರೆ ಲೇಖನಗಳೆಂದು ತೋರಲಿ ಎಂಬ ಸದುದ್ದೇಶದಿಂದ ಡಾ. ಭಾನುಪ್ರಕಾಶ್ ಅವರು ಕಂಪ್ಯೂಟರಿನ ‘ಫೈಂಡ್ ಅಂಡ್ ರಿಪ್ಲೇಸ್’ ಸೌಲಭ್ಯವನ್ನು ಬಳಸಿರುತ್ತಾರೆ. ಒಂದು ಗುಂಡಿ ಒತ್ತಿದರೆ ಬರಹದಲ್ಲಿರುವ ಒಂದು ಪದ ಹೋಗಿ ಎಲ್ಲ ಕಡೆ ಇನ್ನೊಂದು ಪದ ಬಂದು ಕೂರುವ ಸೌಲಭ್ಯವಿದು. ಗುಬ್ಬಿಯ ಹತ್ತಿರ ಬಿದರೆಹಳ್ಳಿ ಕಾವಲ್‌ನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಇರುವುದನ್ನು ಗಮನದಲ್ಲಿಟ್ಟುಕೊಂಡು, ಗುಬ್ಬಿಯ ಲೇಖನದಲ್ಲಿ ‘ಕುದುರೆ’ ಇದ್ದ ಕಡೆಯೆಲ್ಲ ‘ಹೆಲಿಕಾಪ್ಟರ್’ ಎಂದು ಕೂರಿಸಲಾಗಿದೆ. ತುಮಕೂರಿಗೆ ‘ಸಿಟಿ ಬಸ್ಸು’. ಪರಿಣಾಮವಾಗಿ ಗುಬ್ಬಿಯ ವಿದ್ವಾಂಸರು ಕೆಳಕಂಡ ಸಾಲುಗಳನ್ನು ಓದಬೇಕಾಗಿ ಬಂದಿದೆ:

“ಹೆಲಿಕಾಪ್ಟರ್‌ಗೆ ಬೆಳಿಗ್ಗೆ ನೆನೆಸಿದ ಹುರುಳಿ ಇಡಬೇಕು. ಗಬ್ಬದ ಹೆಲಿಕಾಪ್ಟರನ್ನು ಓಡಿಸಬಾರದು. ಹುಟ್ಟಿದ ಸ್ವಲ್ಪ ಹೊತ್ತಿಗೆಲ್ಲ ಮರಿ ಹೆಲಿಕಾಪ್ಟರ್ ತಡವರಿಸುತ್ತ ಎದ್ದು ನಿಂತು ತಾಯಿಯ ಕೆಚ್ಚಲು ಹುಡುಕುತ್ತದೆ.”

ತುಮಕೂರಿನ ಲೇಖನದಲ್ಲಿ ಸಿಟಿ ಬಸ್ಸು ನಿಂತಲ್ಲೇ ನಿದ್ದೆ ಮಾಡುತ್ತದೆ, ಬಾಲದಿಂದ ನೊಣ ಓಡಿಸುತ್ತದೆ, ಮನಸ್ಸಿಲ್ಲದಿದ್ದರೆ ಎಷ್ಟು ಹೊಡೆದರೂ ಹೆಜ್ಜೆ ಎತ್ತುವುದಿಲ್ಲ ಎಂದಿದೆ. ಇದಕ್ಕೆ ನಗರದ ಯಾವ ಓದುಗರಿಂದಲೂ ಆಕ್ಷೇಪಣೆ ಸ್ವೀಕೃತವಾಗಿಲ್ಲ.

ಕುಣಿಗಲ್ ಲೇಖನದಲ್ಲಿ ಮಾತ್ರ ಕುದುರೆಗಳು ಕುದುರೆಗಳಾಗಿಯೇ ಇದ್ದುದರಿಂದ ಅದು ಮರ್ಯಾದಸ್ಥ ಲೇಖನದಂತೆ ಕಂಡಿದ್ದು, ಅದೇ ಮೂಲ, ಮಂಜುಶ್ರೀಯವರ ಪ್ರಬಂಧವೇ ಅದರ ನಕಲು ಎಂದು ಡಾ. ಭಾನುಪ್ರಕಾಶ್ ಅವರು ವಾದಿಸಿರುತ್ತಾರೆ.

೫. ಈ ನಡುವೆ ಮಂಜುಶ್ರೀಯವರ ಪ್ರಬಂಧವನ್ನು ಯಂತ್ರಕ್ಕೆ ಹಾಕಲಾಗಿ ಅದು ಕುಂಯ್ ಎಂದು ಕೂಗಿದ ಕೂಗಿಗೆ ಪಕ್ಕದ ಕಚೇರಿಯವರು ಊಟ ಬಿಟ್ಟು ಎದ್ದು ಬಂದಿರುತ್ತಾರೆ. ಮೂರೂ ಲೇಖನಗಳು ಮೊದಲೇ ಅಚ್ಚಾಗಿದ್ದುದರಿಂದ ಕಳ್ಳಿ ಮಂಜುಶ್ರೀಯೇ ಎಂದು ವರದಿ ಹೋಗಿ, ಈ ತಿಂಗಳು ಮುಗಿಯುವುದರೊಳಗೆ ಪ್ರಬಂಧ ತಮ್ಮದೆಂದು ತೋರಿಸದಿದ್ದರೆ ನೋಂದಣಿ ರದ್ದು, ಪದವಿ ಇಲ್ಲ, ಮುಂದೆಯೂ ಇಲ್ಲ ಎಂದು ಉಲ್ಲೇಖ (೩)ರ ನೋಟಿಸು ಬಂದಿದೆ. ತವರಿನ ಹಬ್ಬ, ತಂಗಿಯ ಮದುವೆಯ ಚಪ್ಪರ, ಸ್ವಂತ ಮಗನ ಶಾಲೆಯ ಡ್ಯಾನ್ಸು ಯಾವುದನ್ನೂ ಪೂರ್ತಿ ನೋಡದೆ ಬರೆದ ಪ್ರಬಂಧ ಅದು. ಆಕೆ ಈ ಕಚೇರಿಯಲ್ಲಿ ನೀಡಿದ ಹೇಳಿಕೆಯನ್ನು ಅಕ್ಷರಶಃ ದಾಖಲಿಸಿಕೊಳ್ಳಲಾಗಿದೆ:

“ನಂದನ್ನೇ ನಾನು ಕದ್ದಿದೀನಿ ಅಂತವ್ರೆ ಸರ್. ಕದಿಯೋದಾದ್ರೆ ಇದಕ್ಕಿಂತ ಚೆನ್ನಾಗಿರೋದು ಕದೀತಿರ್ಲಿಲ್ವಾ ನಾನು?”

ಈ ಮಾತಿನಲ್ಲಿ ತಿರುಳಿದೆ ಎಂದು ವಿಭಾಗವು ಒಪ್ಪಿ, ವಿಚಾರಣೆಗೆ ಆದೇಶಿಸಿತು.

೬. ಪುಟ್ಟತಾಯಮ್ಮನವರ ಬಗ್ಗೆ. ಹುತ್ರಿದುರ್ಗದ ಪುಟ್ಟತಾಯಮ್ಮ ಎಂಬುವರು ಸಮೀಕ್ಷೆಯಲ್ಲಿ ತಮ್ಮ ಮನೆಯ ಮೊಸರು ಯಾವಾಗಲೂ ಗಟ್ಟಿಯೇ ಎಂದು ಹೇಳಿದ್ದು, ಆ ಒಂದು ಮಾತು ಮೂರೂ ಲೇಖನಗಳಲ್ಲಿದೆ. ಊರಿನ ಹೆಸರೂ ಗುಂಡಿಯಿಂದಲೇ ಬದಲಾದ ಕಾರಣ, ಆಕೆ ಏಕಕಾಲಕ್ಕೆ ಹುತ್ರಿದುರ್ಗದಲ್ಲಿ, ಬಿದರೆಹಳ್ಳಿ ಕಾವಲ್‌ನಲ್ಲಿ ಮತ್ತು ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಸಂಸಾರ ಹೂಡಿರುವಂತೆ ದಾಖಲೆ ಸೃಷ್ಟಿಯಾಗಿದೆ. ಈ ಬಗ್ಗೆ ಸ್ಥಳ ತನಿಖೆಗೆ ಹೋದ ಸಿಬ್ಬಂದಿಗೆ ಆಕೆ ಮೊದಲು ಮಜ್ಜಿಗೆ ಕೊಟ್ಟು, ಆಮೇಲೆ ಕೇಳಿದ್ದು ಇಷ್ಟು:

“ಉಪ್ಪಾರಹಳ್ಳೀಲಿ ನಂದೂ ಒಂದು ಮನೆ ಐತಾ? ಹಂಗಾದ್ರೆ ಬೀಗದ ಕೈ ಕೊಡ್ರಪ್ಪ, ಗುಡಿಸಿ ಸಾರ್ಸಿ ಬತ್ತೀನಿ.”

ಬೀಗದ ಕೈ ದಾಸ್ತಾನಿನಲ್ಲಿ ಇಲ್ಲವೆಂದು ಆಕೆಗೆ ತಿಳಿಸಲಾಗಿದೆ. ಆಕೆ ನಂಬಿರುವುದಿಲ್ಲ. ಕಚೇರಿಯವರು ಅದನ್ನು ಯಾರಿಗೋ ಬಾಡಿಗೆಗೆ ಕೊಟ್ಟಿದ್ದಾರೆಂದು ಊರಿನಲ್ಲಿ ಮಾತಿದೆ.

೭. ಮುಯ್ಯಾಳು ಲೇಖಕರ ಬಗ್ಗೆ. ನಮ್ಮ ಸೀಮೆಯಲ್ಲಿ ಇಂದು ನಿನ್ನ ಹೊಲದ ಕುಯ್ಲಿಗೆ ನಾನು ಬಂದರೆ ನಾಳೆ ನನ್ನ ಹೊಲಕ್ಕೆ ನೀನು ಬರುವ ಮುಯ್ಯಾಳು ಪದ್ಧತಿ ಇರುವುದು ಸರಿಯಷ್ಟೆ. ಇದನ್ನು ಕಾಲೇಜುಗಳೂ ಅಳವಡಿಸಿಕೊಂಡಿರುವುದು ವಿಚಾರಣೆಯಿಂದ ತಿಳಿದುಬಂದಿದೆ. ನನ್ನ ಲೇಖನದಲ್ಲಿ ನಿಮ್ಮ ಹೆಸರು, ನಿಮ್ಮ ಲೇಖನದಲ್ಲಿ ನನ್ನ ಹೆಸರು. ವ್ಯತ್ಯಾಸ ಒಂದೇ: ಹೊಲಕ್ಕೆ ಆಳು ಕುಡುಗೋಲು ಹಿಡಿದು ಬರಬೇಕು, ಇಲ್ಲಿ ಹೆಸರು ಮಾತ್ರ ಬಂದು, ಬದುವಿನ ಮೇಲೆ ಕೂತು, ಊಟ ಮುಗಿಸಿ, ಕೈ ತೊಳೆದು ಹೋಗುತ್ತದೆ. ಪ್ರಸ್ತುತ ಮೂರು ಲೇಖನಗಳಲ್ಲಿ ಇಂತಹ ಮುಯ್ಯಿ ಹೆಸರುಗಳು ಎಷ್ಟಿವೆಯೆಂದರೆ ಅವನ್ನು ಓದಿ ಮುಗಿಸುವಷ್ಟರಲ್ಲಿ ಹಾಲು ಹೆಪ್ಪುಗಟ್ಟುತ್ತದೆ. ಅವರಲ್ಲಿ ಒಬ್ಬರು ಲೇಖನ ಬರೆಯುವ ಮೊದಲೇ ದಿವಂಗತರಾಗಿದ್ದರು. ಉಳಿದವರಿಗಿಂತ ಅವರ ಕೊಡುಗೆ ಕಡಿಮೆ ಎಂದು ಹೇಳಲು ಯಾವ ಆಧಾರವೂ ದೊರೆತಿಲ್ಲ.

ಗುಬ್ಬಿಯ ಲೇಖನದ ಸಹಲೇಖಕರಾದ ಡಾ. ಕರಿಬಸವಯ್ಯನವರನ್ನು ವಿಚಾರಣೆಗೆ ಕರೆಸಿ, ಲೇಖನ ಓದಿದ್ದೀರಾ ಎಂದು ಕೇಳಲಾಗಿ, ಬರೆದವನಿಗೆ ಓದಿದ್ದೀಯಾ ಎಂದು ಕೇಳುವುದು ಯಾವ ಸೀಮೆಯ ನ್ಯಾಯ ಎಂದು ನೊಂದುಕೊಂಡರು. ಹಾಗಾದರೆ ಹೆಲಿಕಾಪ್ಟರ್ ಹುರುಳಿ ತಿನ್ನುತ್ತದೆಯೇ ಎಂದು ಕೇಳಲಾಯಿತು. ಅವರು ಡಾ. ಭಾನುಪ್ರಕಾಶ್ ಅವರ ಮುಖ ನೋಡಿದರು. ಡಾ. ಭಾನುಪ್ರಕಾಶ್ ಅವರು ಕಿಟಕಿ ನೋಡುತ್ತಿದ್ದರು. ಆಗ ಡಾ. ಕರಿಬಸವಯ್ಯನವರು ನುಡಿದದ್ದು:

“ತಿನ್ನತ್ತೆ ಸರ್. ನೆನೆಸಿ ಹಾಕಿದ್ರೆ ತಿನ್ನತ್ತೆ.”

ಎಲ್ಲ ಹೆಲಿಕಾಪ್ಟರುಗಳೂ ತಿನ್ನುತ್ತವೆಯೇ ಎಂಬ ಉಪಪ್ರಶ್ನೆಗೆ, ಇಲ್ಲ, ಮರಿ ಹಾಕಿದವು ಮಾತ್ರ ಎಂದು ಸೇರಿಸಿದರು. ಗೆಳೆಯನಿಗೆ ಕೊಟ್ಟ ಮುಯ್ಯಿಗಾಗಿ ಒಬ್ಬ ಪಂಡಿತ ಇಷ್ಟು ದೂರ ನಡೆದ ಉದಾಹರಣೆ ಪ್ರಪಂಚದ ಇತಿಹಾಸದಲ್ಲಿ ಇಲ್ಲವೆಂದು ಈ ವಿಭಾಗವು ಪ್ರಶಂಸೆಯೊಂದಿಗೆ ಖಂಡಿಸಿದೆ.

೮. ಮೂಲ ಪತ್ತೆಯಾದ ಬಗೆ. ಯಂತ್ರದಿಂದ ಆಗದ್ದನ್ನು ಮನುಷ್ಯರು ಮಾಡಬೇಕಾದ ದುರ್ಗತಿ ಒದಗಿ, ಈ ವಿಭಾಗದ ಅಧಿಕಾರಿಗಳು ನಾಲ್ಕೂ ಬರಹಗಳನ್ನು ಸ್ವತಃ ಓದಿರುತ್ತಾರೆ. ಓದುವ ಭತ್ಯೆಗಾಗಿ ಪ್ರತ್ಯೇಕ ಪ್ರಸ್ತಾವನೆ ಸಲ್ಲಿಸಲಾಗಿದೆ. ಮಂಜುಶ್ರೀಯವರ ಪ್ರಬಂಧದ ನಡುವೆ ಎಲ್ಲೋ ಒಂದು ಕಡೆ ಹೀಗಿದೆ: ಸಮೀಕ್ಷೆಯ ದಿನ ಹುತ್ರಿದುರ್ಗದ ಮೇಲೆ ಹೆಲಿಕಾಪ್ಟರ್ ಹಾರಿಹೋಯಿತು, ಕೆಳಗೆ ಕುದುರೆ ಬೆದರಿತು, ಮೊಸರಿಗೆ ಏನೂ ಆಗಲಿಲ್ಲ.

ಇದೇ ಜಾಗದಲ್ಲಿ ಗುಬ್ಬಿಯ ಲೇಖನವು, ಮೇಲೆ ಹೆಲಿಕಾಪ್ಟರ್ ಹಾರಿಹೋಯಿತು, ಕೆಳಗೆ ಹೆಲಿಕಾಪ್ಟರ್ ಬೆದರಿತು ಎನ್ನುತ್ತದೆ. ತುಮಕೂರಿನ ಲೇಖನವು, ಮೇಲೆ ಸಿಟಿ ಬಸ್ಸು ಹಾರಿಹೋಯಿತು, ಕೆಳಗೆ ಸಿಟಿ ಬಸ್ಸು ಬೆದರಿತು ಎನ್ನುತ್ತದೆ. ಮರ್ಯಾದಸ್ಥವೆಂದು ಹೇಳಲಾದ ಕುಣಿಗಲ್ ಲೇಖನವು, ಮೇಲೆ ಕುದುರೆ ಹಾರಿಹೋಯಿತು, ಕೆಳಗೆ ಕುದುರೆ ಬೆದರಿತು ಎನ್ನುತ್ತದೆ.

ಕುದುರೆ ಹೇಗೆ ಹಾರಿತು ಎಂದು ಡಾ. ಭಾನುಪ್ರಕಾಶ್ ಅವರನ್ನು ಕೇಳಲಾಯಿತು. ಅವರು ತಿರುಗುವ ಫ್ಯಾನನ್ನು ಬಹಳ ಹೊತ್ತು ನೋಡಿದರು. ನೀರು ಕೇಳಿ ಕುಡಿದರು. ಅನಂತರ ತಗ್ಗಿದ ದನಿಯಲ್ಲಿ ಹೇಳಿದರು:

“ಅವತ್ತು ಗಾಳಿ ಜೋರಿತ್ತು ಸರ್.”

ಮಂಜುಶ್ರೀಯವರು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ಅಳಲು ಹೋದರೆಂದು ಜವಾನರು ಟವೆಲ್ಲು ಹಿಡಿದು ಹಿಂದೆ ಹೋಗಿ ನೋಡಿದಾಗ ಆಕೆ ನಗುತ್ತಿದ್ದುದು ಕಂಡುಬಂದಿದೆ.

ಆಮೇಲೆ ಡಾ. ಭಾನುಪ್ರಕಾಶ್ ಅವರು ಒಪ್ಪಿಕೊಂಡ ಪ್ರಕಾರ, ಮೊದಲು ತಯಾರಾದದ್ದು ಗುಬ್ಬಿಯ ಲೇಖನ. ಅದರೊಳಗಿನ ಹೆಲಿಕಾಪ್ಟರುಗಳನ್ನೆಲ್ಲ ಒಂದೇ ಗುಂಡಿಯಲ್ಲಿ ಸಿಟಿ ಬಸ್ಸು ಮಾಡಿ ತುಮಕೂರಿಗೆ, ಮತ್ತೆ ಕುದುರೆ ಮಾಡಿ ಕುಣಿಗಲ್‌ಗೆ ಕಳಿಸಿದ್ದು, ಆ ಭರಾಟೆಯಲ್ಲಿ ನಿಜವಾದ ಹೆಲಿಕಾಪ್ಟರೂ ಕುದುರೆಯಾಗಿ ಹಾರಿದೆ. ರಾಗಿಯನ್ನೂ ಜೋಳವನ್ನೂ ಒಟ್ಟಿಗೆ ಬೀಸಿದ ಮೇಲೆ ಹಿಟ್ಟಿನಿಂದ ಎರಡನ್ನೂ ಬೇರೆ ಮಾಡಿ ಆರಿಸಲು ಯಾರಿಂದಲೂ ಆಗುವುದಿಲ್ಲ. ಕುದುರೆ ಕುದುರೆಯಾಗಿ, ಹೆಲಿಕಾಪ್ಟರ್ ಹೆಲಿಕಾಪ್ಟರಾಗಿ ಇರುವುದು ಮಂಜುಶ್ರೀಯವರ ಪ್ರಬಂಧದಲ್ಲಿ ಮಾತ್ರ. ಅದರಿಂದ ಈ ಮೂರನ್ನೂ ಮಾಡಬಹುದು. ಈ ಮೂರರಿಂದ ಅದನ್ನು ಮಾಡಲಾಗದು. ಆದ್ದರಿಂದ ಅದೇ ಮೂಲ.

ಈ ತತ್ವವನ್ನು ಕಂಡುಹಿಡಿದದ್ದಕ್ಕಾಗಿ ಈ ವಿಭಾಗಕ್ಕೆ ಅಂತರರಾಷ್ಟ್ರೀಯ ಪ್ರಶಸ್ತಿ ಬರತಕ್ಕದ್ದು. ಬಂದ ನಂತರ ಪ್ರತ್ಯೇಕವಾಗಿ ತಿಳಿಸಲಾಗುವುದು.

೯. ಮೇಲಿನ ಎಲ್ಲ ಅಂಶಗಳ ಹಿನ್ನೆಲೆಯಲ್ಲಿ ಕೆಳಕಂಡ ನಿಯಮಗಳು ಕೂಡಲೇ ಜಾರಿಗೆ ಬರುತ್ತವೆ.

(ಅ) ಒಂದೇ ಲೇಖನವನ್ನು ಎರಡು ಪತ್ರಿಕೆಗಳಿಗೆ ಕಳಿಸುವಂತಿಲ್ಲ. ಒಂದು ಹೋಗದಿದ್ದರೆ ಇನ್ನೊಂದು ಇರಲಿ ಎಂಬ ಸಮಜಾಯಿಷಿಯು ಬಸ್ಸಿನ ಕಿಟಕಿಯಿಂದ ಎರಡು ಸೀಟಿಗೆ ಟವೆಲ್ಲು ಹಾಕುವವರಿಗೆ ಮಾತ್ರ ಅನ್ವಯಿಸುತ್ತದೆ.

(ಆ) ಪದ ಬದಲಿಸುವ ಗುಂಡಿಯನ್ನು ಒತ್ತುವ ಮುನ್ನ ಇಬ್ಬರು ಸಾಕ್ಷಿಗಳ ಸಹಿ ಪಡೆಯತಕ್ಕದ್ದು. ಅವರಲ್ಲಿ ಒಬ್ಬರಾದರೂ ಕುದುರೆಯನ್ನು ಹತ್ತಿರದಿಂದ ನೋಡಿರಬೇಕು. ಕುದುರೆಯೂ ಅವರನ್ನು ನೋಡಿದ್ದರೆ ಉತ್ತಮ.

(ಇ) ಯಂತ್ರಕ್ಕೆ ಸಿಗಬಾರದೆಂದು ಪ್ರತಿ ಪದಕ್ಕೂ ನಿಘಂಟಿನಿಂದ ಬೇರೆ ಪದ ಹುಡುಕಿ ಹಾಕುವುದನ್ನು ನಿಷೇಧಿಸಿದೆ. ಎಮ್ಮೆಯ ಹಾಲು ಕರೆದರು ಎಂಬ ಸರಳ ವಾಕ್ಯವನ್ನು ಒಬ್ಬರು ‘ಮಹಿಷಿಯ ಕ್ಷೀರವನ್ನು ಆಹ್ವಾನಿಸಿದರು’ ಎಂದು ಬರೆದಿದ್ದು, ಕ್ಷೀರವು ಇನ್ನೂ ಬಂದಿಲ್ಲವೆಂದು ತಿಳಿದುಬಂದಿದೆ.

(ಈ) ಲೇಖನದ ಊರು ಬದಲಿಸುವವರು ಅದರಲ್ಲಿ ಬರುವ ಜನರ ಪಡಿತರ ಚೀಟಿ, ಗ್ಯಾಸ್ ಸಂಪರ್ಕ ಹಾಗೂ ಎಮ್ಮೆಯನ್ನು ತಮ್ಮ ಖರ್ಚಿನಲ್ಲಿ ಹೊಸ ಊರಿಗೆ ಸಾಗಿಸತಕ್ಕದ್ದು. ಎಮ್ಮೆ ಒಪ್ಪದಿದ್ದರೆ ಲೇಖನ ಹಿಂಪಡೆಯತಕ್ಕದ್ದು.

(ಉ) ತನ್ನದನ್ನೇ ತಾನು ನಕಲು ಮಾಡುವುದೂ ಅಪರಾಧವೇ. ಆದರೆ ತರಗತಿಯಲ್ಲಿ ವರ್ಷವರ್ಷವೂ ಅದೇ ನೋಟ್ಸು ಓದಿ ಹೇಳುವ ಹಿರಿಯರಿಗೆ ವಿನಾಯಿತಿ ಇದೆ: ಹಾಳೆ ಹಳದಿಯಾಗಿದ್ದರೆ ಪರಂಪರೆ, ಬೆಳ್ಳಗಿದ್ದರೆ ನಕಲು. ಹಾಳೆಗೆ ಅರಿಶಿನ ಹಚ್ಚಿದವರ ಮೇಲೆ ಕ್ರಮ ಜರುಗಿಸಲಾಗುವುದು.

(ಊ) ಸಂಪಾದಕರು ಲೇಖನವನ್ನು ಅಚ್ಚಿಗೆ ಕಳಿಸುವ ಮೊದಲು ಓದತಕ್ಕದ್ದು. ಈ ನಿಯಮ ಅತಿ ಕಠಿಣವಾಯಿತೆಂದು ಮೂರೂ ಪತ್ರಿಕೆಗಳ ಸಂಪಾದಕರು ಮನವಿ ಸಲ್ಲಿಸಿರುತ್ತಾರೆ. ಮೂರೂ ಮನವಿಗಳನ್ನು ಯಂತ್ರಕ್ಕೆ ಹಾಕಲಾಗಿ, ಅದು ಕುಂಯ್ ಎಂದಿತು.

(ಋ) ಸಹಲೇಖಕರು ಲೇಖನದ ಯಾವುದಾದರೂ ಒಂದು ವಾಕ್ಯವನ್ನು ನೋಡದೆ ಹೇಳಬೇಕು. ದಿವಂಗತರ ಪರವಾಗಿ ಕುಟುಂಬದವರು ಹೇಳಬಹುದು. ಹೇಳಲಾಗದವರ ಹೆಸರನ್ನು ಲೇಖನದ ಕೊನೆಯಲ್ಲಿ ‘ಊಟಕ್ಕೆ ಬಂದಿದ್ದವರು’ ಎಂಬ ತಲೆಬರಹದಡಿ ಅಚ್ಚು ಹಾಕಲಾಗುವುದು.

೧೦. ಆದೇಶ. ಮೂರೂ ಲೇಖನಗಳನ್ನು ಹಿಂಪಡೆಯಲಾಗಿದೆ. ಡಾ. ಭಾನುಪ್ರಕಾಶ್ ಅವರ ಬಡ್ತಿಯನ್ನು ಕುದುರೆ ಮತ್ತೊಮ್ಮೆ ಹಾರುವವರೆಗೆ ತಡೆಹಿಡಿಯಲಾಗಿದೆ. ಇನ್ನು ಮುಯ್ಯಿಯ ವಿಷಯ: ಮೂರು ಲೇಖ‌ನಗಳ ಸಮಸ್ತ ಲೇಖಕರ ಕೆಲಸವನ್ನೂ ಮಂಜುಶ್ರೀಯವರೊಬ್ಬರೇ ಮಾಡಿರುವುದರಿಂದ, ಪದ್ಧತಿಯ ಪ್ರಕಾರ ಅವರೆಲ್ಲರೂ ಆಕೆಗೆ ಮುಯ್ಯಾಳು ಬಾಕಿ ಇರುತ್ತಾರೆ. ಆಕೆಯ ಮುಂದಿನ ಅಧ್ಯಯನಕ್ಕೆ ಅವರು ಸ್ವತಃ ಹಾಜರಾಗಿ, ಹುತ್ರಿದುರ್ಗದ ಬೆಟ್ಟದ ಬುಡದಿಂದ ಮನೆಮನೆಗೆ ನಡೆದು, ಗಡಿಗೆ ಹಿಡಿದು, ಹೆಪ್ಪು ಹಾಕಿ, ಹೆಪ್ಪಾಗುವವರೆಗೆ ಪಕ್ಕದಲ್ಲಿ ಕೂತು, ಆಗಾಗ ಕುದುರೆಯ ಹಾಗೆ ಸದ್ದು ಮಾಡತಕ್ಕದ್ದು. ಹೆಸರು ಮಾತ್ರ ಕಳಿಸುವಂತಿಲ್ಲ. ಊಟದ ಡಬ್ಬಿ ಅವರವರದೇ.

ಡಾ. ಕರಿಬಸವಯ್ಯನವರು ಮಂಡಿ ನೋವಿನ ಕಾರಣ ತಮಗೆ ಹೆಲಿಕಾಪ್ಟರಿನ ಸದ್ದು ಮಾಡಲು ಅವಕಾಶ ಕೋರಿದ್ದಾರೆ. ಮಂಜುಶ್ರೀಯವರು ಆಕ್ಷೇಪಿಸದ ಕಾರಣ ಮಂಜೂರು ಮಾಡಿದೆ.

೧೧. ಸದರಿ ಪ್ರಬಂಧ ಮಂಜುಶ್ರೀಯವರದೇ ಎಂದು ವಿಶ್ವವಿದ್ಯಾಲಯಕ್ಕೆ ವರದಿ ಹೋಗಿ, ನೋಟಿಸು ವಾಪಸಾಗಿದೆ. ಆದರೂ ಕೊನೆಯ ಮೌಖಿಕ ಪರೀಕ್ಷೆಯನ್ನು ಆಕೆ ದಾಟಲೇಬೇಕು. ಈ ಸುತ್ತೋಲೆ ಟೈಪಾಗುತ್ತಿರುವ ವೇಳೆಗೆ ಆಕೆ ಪರೀಕ್ಷಕರ ಮುಂದೆ ಕೂತಿರುತ್ತಾರೆ. ಪರೀಕ್ಷಕರು ಕಠಿಣರೆಂದು ಕೇಳಿಬಂದಿದ್ದು, ಮೊಸರಿನ ಬಗ್ಗೆ ಅವರ ನಿಲುವು ತಿಳಿದುಬಂದಿಲ್ಲ. ಫಲಿತಾಂಶದ ಬಗ್ಗೆ ಈ ವಿಭಾಗಕ್ಕೆ ಯಾವ ಕುತೂಹಲವೂ ಇಲ್ಲ. ಸಿಬ್ಬಂದಿಯೆಲ್ಲರೂ ಫೋನಿನ ಸುತ್ತ ನಿಂತಿರುವುದು ಗಾಳಿಗಾಗಿ.

ಇದನ್ನು ಮೀರಿದವರಿಗೆ ನೆನೆಸಿದ ಹುರುಳಿಯನ್ನು ಕಾಲೇಜಿನ ಆವರಣದಲ್ಲಿ, ವಿದ್ಯಾರ್ಥಿಗಳ ಸಮ್ಮುಖದಲ್ಲಿ ನೀಡಲಾಗುವುದು.

ಸಹಿ/-
(ಅಡವಿಯಪ್ಪ)
ವಿಶೇಷಾಧಿಕಾರಿ ಹಾಗೂ ಯಂತ್ರದ ಉಸ್ತುವಾರಿ

ಪ್ರತಿಗಳು:

೧. ಡಾ. ಭಾನುಪ್ರಕಾಶ್ ಅವರಿಗೆ, ಮೂರು ಊರಿನ ವಿಳಾಸಕ್ಕೂ ಒಂದೊಂದು. ಪದ ಬದಲಿಸದೆ ಓದಿಕೊಳ್ಳಲು.
೨. ಡಾ. ಕರಿಬಸವಯ್ಯನವರಿಗೆ, ತಾವು ಈ ಸುತ್ತೋಲೆಯ ಸಹಲೇಖಕರಲ್ಲ ಎಂಬ ಮಾಹಿತಿಗಾಗಿ.
೩. ಮೂರೂ ಪತ್ರಿಕೆಗಳ ಸಂಪಾದಕರಿಗೆ. ಇದನ್ನು ಮುಂದಿನ ಸಂಚಿಕೆಯಲ್ಲಿ ಲೇಖನವೆಂದು ಅಚ್ಚು ಹಾಕಕೂಡದು.
೪. ಬಿದರೆಹಳ್ಳಿ ಕಾವಲ್‌ನ ಕಾರ್ಖಾನೆಗೆ, ಹುರುಳಿ ಕೊಳ್ಳುವ ಅಗತ್ಯವಿಲ್ಲವೆಂದು ತಿಳಿಸಲು.
೫. ಶ್ರೀಮತಿ ಪುಟ್ಟತಾಯಮ್ಮನವರಿಗೆ, ಹುತ್ರಿದುರ್ಗದ ವಿಳಾಸಕ್ಕೆ ಮಾತ್ರ. ಮಜ್ಜಿಗೆಗೆ ವಂದನೆಗಳೊಂದಿಗೆ.
೬. ಡಾ. ಮಂಜುಶ್ರೀ, ಅತಿಥಿ ಉಪನ್ಯಾಸಕಿ, ಕುಣಿಗಲ್ (ಫೋನು ಈಗಷ್ಟೇ ಬಂತು). ಇವರಿಗೆ ಮೂಲ ಪ್ರತಿ. ಮೇಲಿನವರದೆಲ್ಲ ಜೆರಾಕ್ಸ್.